ಕಾರ್ಡಿನ ಬೆನ್ನು

1/6
ಅಟ್ಟ ಸ್ವಚ್ಛ ಮಾಡುವಾಗ ಟ್ರಂಕಿನ ತಳದಲ್ಲಿ ಹಳೇ ಅಂಚೆ ಕಾರ್ಡುಗಳ ಕಟ್ಟು ಸಿಗುತ್ತೆ. ಮೊದಲೆಲ್ಲ ಅದು ಬಚ್ಚಲ ಒಲೆಗೆ ಹೋಗ್ತಿತ್ತು, ಆಮೇಲೆ ರದ್ದಿ ಅಂಗಡಿಗೆ. ಈಗ ಕ್ರಾಫ್ಟ್‌ಗೆ ಹೋಗ್ತಿದೆ. ಮರದ ಟ್ರೇ ಮೇಲೆ ಅಂಟಿಸಿ ವಾರ್ನಿಷ್ ಹೊಡೀತಾರೆ, ಲ್ಯಾಂಪ್‌ಶೇಡ್ ಮಾಡ್ತಾರೆ, ಹೂವಿನ ಆಕಾರಕ್ಕೆ ಕತ್ತರಿಸಿ ಫ್ರೇಮಿಗೆ ಹಾಕ್ತಾರೆ. ನೋಡೋಕೆ ಚೆಂದ ಇರುತ್ತೆ, ಇಲ್ಲ ಅನ್ನಲ್ಲ. ಆದರೆ ಗೋಂದು ಹಚ್ಚುವ ಮುಂಚೆ ಒಂದ್ಸಲ ಆ ಕಾರ್ಡನ್ನ ತಿರುಗಿಸಿ ನೋಡಿ. ಚಿತ್ರದ ಕಡೆಯನ್ನ ಮುಖ ಅಂತ ಇಟ್ಕೊಂಡ್ರೆ, ನಾನು ಹೇಳ್ತಿರೋದು ಬೆನ್ನಿನ ಮಾತು.

ಕಾರ್ಡು ಹುಟ್ಟಿದಾಗ ಅದಕ್ಕೆ ಚಿತ್ರವೇ ಇರಲಿಲ್ಲ. ವಿಯೆನ್ನಾದ ಅರ್ಥಶಾಸ್ತ್ರಜ್ಞ ಎಮಾನುಯೆಲ್ ಹೆರ್ಮಾನ್, ನಾಲ್ಕು ಸಾಲಿನ ಸುದ್ದಿಗೆ ಲಕೋಟೆ, ಅರಗು, ಪೂರ್ತಿ ಅಂಚೆ ದರ ಇದೆಲ್ಲ ಯಾಕೆ ಅಂತ ಕೇಳಿದರು. 1869ರ ಅಕ್ಟೋಬರ್ 1ರಂದು ಆಸ್ಟ್ರಿಯಾ-ಹಂಗೆರಿ ಮೊದಲ ಕಾರ್ಡು ಹೊರತಂದಿತು. ಮರುವರ್ಷ ಅದೇ ದಿನ ಬ್ರಿಟನ್. ನಮ್ಮಲ್ಲಿಗೆ ಬಂದದ್ದು 1879ರ ಜುಲೈ 1ಕ್ಕೆ. ಬೆಲೆ ಕಾಲಾಣೆ, ಅಂದ್ರೆ ಮೂರು ಕಾಸು. ಲಕೋಟೆಯ ಕಾಗದಕ್ಕೆ ಅರ್ಧ ಆಣೆ ಇತ್ತು, ಅದರ ಅರ್ಧಕ್ಕೆ ಕಾರ್ಡು. ಮೇಲೆ ರಾಣಿ ವಿಕ್ಟೋರಿಯಾಳ ತಲೆ, 'ಈಸ್ಟ್ ಇಂಡಿಯಾ ಪೋಸ್ಟ್ ಕಾರ್ಡ್' ಅನ್ನೋ ಅಚ್ಚು. ಮೈಸೂರು ಸಂಸ್ಥಾನಕ್ಕೆ ಆಗಿನ್ನೂ ತನ್ನದೇ ಅಂಚೆ ವ್ಯವಸ್ಥೆ ಇತ್ತು. ಅದು ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿದ್ದು 1889ರಲ್ಲಿ.

ಎಲ್ಲ ಕಡೆಯೂ ಮೊದಲು ಎದ್ದ ತಕರಾರು ಒಂದೇ: ಬಿಚ್ಚಿಟ್ಟ ಕಾಗದ, ಪೋಸ್ಟ್‌ಮ್ಯಾನ್ ಓದಲ್ವಾ? ಓದ್ತಿದ್ದ. ನಮ್ಮ ಹಳ್ಳಿಗಳಲ್ಲಂತೂ ಅವನೇ ಓದಿ ಹೇಳಬೇಕಿತ್ತು.

2/6
ಚಿತ್ರ ಬಂದದ್ದು ಆಮೇಲೆ. ಬಂದ ಹೊಸತರಲ್ಲಿ ಒಂದು ವಿಚಿತ್ರ ನಿಯಮ ಇತ್ತು. ಕಾರ್ಡಿನ ಬೆನ್ನಿನಲ್ಲಿ ವಿಳಾಸ ಬಿಟ್ಟು ಬೇರೇನೂ ಬರೆಯುವಂತಿಲ್ಲ. ಹಾಗಾಗಿ ಜನ ಚಿತ್ರದ ಮೇಲೆಯೇ ಬರೆದರು. ಆಕಾಶದಲ್ಲಿ ಎರಡು ಸಾಲು, ಕೆರೆ ನೀರಿನ ಮೇಲೆ ಒಂದು ಸಾಲು, ಜಾಗ ಸಾಲದಿದ್ದರೆ ಅಂಚಿನ ಸುತ್ತ. ಇಂಥ ಕಾರ್ಡು ಸಿಕ್ಕಾಗ 'ಯಾರೋ ಚಿತ್ರ ಹಾಳು ಮಾಡಿದ್ದಾರೆ' ಅಂತ ಅಂದ್ಕೋಬೇಡಿ. ಅವರಿಗೆ ಬೇರೆ ಜಾಗವೇ ಇರಲಿಲ್ಲ.

1902ರಲ್ಲಿ ಬ್ರಿಟನ್ ಬೆನ್ನಿನ ನಡುವೆ ಒಂದು ಗೆರೆ ಎಳೆಯಲು ಒಪ್ಪಿತು. ಎಡಕ್ಕೆ ಮಾತು, ಬಲಕ್ಕೆ ವಿಳಾಸ. ಫ್ರಾನ್ಸ್ 1904ರಲ್ಲಿ, ಜರ್ಮನಿ 1905ರಲ್ಲಿ, ಅಮೆರಿಕ 1907ರಲ್ಲಿ ಅದೇ ದಾರಿ ಹಿಡಿದವು. ಆ ಒಂದು ಗೆರೆಯಿಂದ ಮುಖವೆಲ್ಲ ಚಿತ್ರಕ್ಕೆ ಸಿಕ್ಕಿತು, ಕಾರ್ಡು ಸಂಗ್ರಹದ ಹುಚ್ಚು ಎದ್ದಿತು. ಗೆರೆ ಇಲ್ಲದ ಬೆನ್ನು ಸಿಕ್ಕರೆ ಅದು ಹೆಚ್ಚುಕಡಿಮೆ ಆ ವರ್ಷಗಳಿಗಿಂತ ಹಿಂದಿನದು. ಸಂಗ್ರಾಹಕರು ಮೊದಲು ನೋಡೋದೇ ಇದನ್ನ.

ನಮ್ಮ ಸಾದಾ ಕಾರ್ಡಿನ ವಯಸ್ಸನ್ನೂ ಹೀಗೇ ಹಿಡೀಬಹುದು. ಮೊಹರಿನ ತಾರೀಖು ಮಾಸಿ ಹೋಗಿದ್ದರೂ ಚಿಂತೆ ಇಲ್ಲ. ಗಡ್ಡ ಇಲ್ಲದ ರಾಜನ ತಲೆ ಇದ್ದರೆ ಅವನು ಆರನೇ ಜಾರ್ಜ್, 1936ರ ಕೊನೆಗೆ ಪಟ್ಟಕ್ಕೆ ಬಂದವನು. ಬೆಲೆ 'ನಯೇ ಪೈಸೆ'ಯಲ್ಲಿದ್ದರೆ 1957ರ ಏಪ್ರಿಲ್ ಆದಮೇಲಿನದು. ವಿಳಾಸದಲ್ಲಿ ಪಿನ್‌ಕೋಡಿನ ಆರು ಅಂಕಿ ಇದ್ದರೆ 1972ರ ಆಗಸ್ಟ್ 15ರ ಈಚಿನದು. 'ಮೈಸೂರು ರಾಜ್ಯ' ಅಂತ ಬರೆದಿದ್ದರೆ ಬಹುಮಟ್ಟಿಗೆ 1973ರ ನವೆಂಬರ್‌ಗಿಂತ ಮುಂಚಿನದು. ಬಹುಮಟ್ಟಿಗೆ ಅಂದೆ, ಯಾಕಂದ್ರೆ ಹಿರಿಯರ ಕೈ ಹಳೇ ಹೆಸರನ್ನ ಅಷ್ಟು ಸುಲಭಕ್ಕೆ ಬಿಡಲ್ಲ.

ಗಮನಿಸಿದ್ರಾ? ಈ ಸುಳಿವುಗಳೆಲ್ಲ ಇರೋದು ಟ್ರೇಗೆ ಅಂಟಿಸಿದರೆ ಕಾಣದೇ ಹೋಗುವ ಮಗ್ಗುಲಲ್ಲಿ.

3/6
ಈಗ ನಮ್ಮ ಬೆಂಗಳೂರಿನ ಚಿತ್ರದ ಕಾರ್ಡುಗಳಿಗೆ ಬರೋಣ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಮದರಾಸಿನ ಹಿಗ್ಗಿನ್‌ಬಾಥಮ್ಸ್, ವೀಲೆ ಅಂಡ್ ಕ್ಲೈನ್ ಮುಂತಾದವರು ಇವನ್ನ ಮಾಡಿ ಮಾರಿದರು. ಸೌತ್ ಪೆರೇಡ್ (ಈಗಿನ ಎಂ.ಜಿ. ರಸ್ತೆ), ಕಬ್ಬನ್ ಪಾರ್ಕು, ಅಠಾರಾ ಕಚೇರಿ, ಚರ್ಚುಗಳು, ಅಗಲ ರಸ್ತೆಗಳು. ಫೋಟೋ ಇಲ್ಲಿಯದು, ಆದರೆ ಇಂಥ ಎಷ್ಟೋ ಕಾರ್ಡು ಅಚ್ಚಾಗ್ತಿದ್ದದ್ದು ಜರ್ಮನಿಯಲ್ಲಿ. ಅಲ್ಲಿನ ಕಲ್ಲಚ್ಚು, ಬಣ್ಣದಚ್ಚು ಅಷ್ಟು ನಯವಾಗಿತ್ತು, ಅಷ್ಟು ಅಗ್ಗವಾಗಿತ್ತು. ಬಣ್ಣ ಹಾಕಿದವನು ಬೆಂಗಳೂರು ಕಂಡವನಲ್ಲ. ಹಾಗಾಗಿ ನಮ್ಮ ಕೆಂಪು ಮಣ್ಣಿನ ರಸ್ತೆ ಕೆಲವು ಕಾರ್ಡಲ್ಲಿ ಬೂದು ಬಣ್ಣಕ್ಕೆ ತಿರುಗಿದ್ದರೆ ಆಶ್ಚರ್ಯ ಬೇಡ. 1914ರಲ್ಲಿ ಯುದ್ಧ ಶುರುವಾಗಿ ಆ ದಾರಿ ಮುಚ್ಚಿತು.

ಇನ್ನೊಂದು ಬಗೆ ಇತ್ತು. ಧೋಬಿ, ಆಯಾ, ಬಟ್ಲರ್, ಜವಾನ. ಮನುಷ್ಯರನ್ನ ಕಸುಬಿನ ಮಾದರಿಗಳ ಹಾಗೆ ನಿಲ್ಲಿಸಿ ತೆಗೆದ ಫೋಟೋಗಳು. ಹೆಸರು ಯಾವುದಕ್ಕೂ ಇಲ್ಲ. ಕೊಂಡುಕೊಂಡವರು ಹೆಚ್ಚಾಗಿ ಕಂಟೋನ್ಮೆಂಟಿನ ಸೋಲ್ಜರುಗಳು, ಅಧಿಕಾರಿಗಳ ಮನೆಯವರು. 'ನಮ್ಮನೆ ಕೆಲಸದವನೂ ಹೀಗೇ ಇದ್ದಾನೆ' ಅಂತ ಊರಿಗೆ ಬರೆದು ಕಳಿಸೋಕೆ. ಮುಖ ನೋಡಿದರೆ ಬರೀ ಹಳೇ ಕಾಲದ ಚಿತ್ರ. ಯಾರು ಯಾರನ್ನ ಯಾವ ಕಣ್ಣಿಂದ ನೋಡಿದರು ಅನ್ನೋದು ತಿಳಿಯೋದು ಬೆನ್ನಿನ ಕೈಬರಹದಲ್ಲಿ. ಲಂಡನ್ನಿನ ಸೋಆಸ್ ವಿಶ್ವವಿದ್ಯಾಲಯದ ಬ್ರೂನೈ ಗ್ಯಾಲರಿಯಲ್ಲಿ 2018ರಲ್ಲಿ ಮದರಾಸು-ಬೆಂಗಳೂರಿನ ಇಂಥ ಕಾರ್ಡುಗಳದ್ದೇ ಪ್ರದರ್ಶನ ನಡೆದಿತ್ತು.

ಕಳಿಸಿದ್ದು ಅಲ್ಲಿಗೆ, ಆದ್ದರಿಂದ ಉಳಿದದ್ದೂ ಅಲ್ಲೇ. ಹಳೇ ಬೆಂಗಳೂರಿನ ಕಾರ್ಡು ಬೇಕು ಅಂತ ಹುಡುಕುವವರು ಇವತ್ತಿಗೂ ಇಂಗ್ಲೆಂಡಿನ ವ್ಯಾಪಾರಿಗಳ ಹತ್ತಿರ ಕೊಳ್ತಾರೆ.

4/6
ಹಾಗಾದ್ರೆ ನಮ್ಮ ಜನ ಕಳಿಸಿದ್ದೇನು? ಸಾದಾ ಕಾರ್ಡು. ಚಿತ್ರ ಇಲ್ಲ, ಮಾರುಕಟ್ಟೆಯಲ್ಲಿ ಬೆಲೆಯೂ ಅಷ್ಟಕ್ಕಷ್ಟೆ. ನನ್ನ ಕೇಳಿದ್ರೆ ಬಣ್ಣದ ಸೌತ್ ಪೆರೇಡಿಗಿಂತ ಇವೇ ದೊಡ್ಡ ಆಸ್ತಿ.

ನಿಮ್ಮ ಅಜ್ಜಿಯ ಮನೆಯಲ್ಲಿ ಗೋಡೆಗೋ ತೊಲೆಗೋ ನೇತುಹಾಕಿದ ಒಂದು ಉದ್ದ ತಂತಿ ಇತ್ತಲ್ಲ, ತುದಿ ಕೊಕ್ಕೆ ಹಾಗೆ ಬಗ್ಗಿಸಿದ್ದು? ಬಂದ ಕಾಗದವನ್ನೆಲ್ಲ ಅದಕ್ಕೆ ಚುಚ್ಚೋದು. ಕೆಳಗಿನದು ಹಳೇದು, ಮೇಲಿನದು ಹೊಸದು. ತಾರೀಖಿನ ಪ್ರಕಾರ ಜೋಡಿಸಿದ ದಫ್ತರವೇ ಅದು. ಕಾರ್ಡಿನ ನಡುವೆ ತುಕ್ಕಿನ ಬಣ್ಣದ ತೂತು ಇದ್ದರೆ ಅದು ತಂತಿಯ ಗುರುತು. ಅದನ್ನ ಮುಚ್ಚೋಕೆ ಹೋಗಬೇಡಿ.

ಓದೋಕೆ ಕೂತರೆ ಮೊದಲ ಮೂರು ಸಾಲು ಎಲ್ಲದರಲ್ಲೂ ಒಂದೇ. ಮೇಲೆ 'ಶ್ರೀ', ಬಲಕ್ಕೆ ಊರು ತಾರೀಖು, ಆಮೇಲೆ ತೀರ್ಥರೂಪು, ಸಾಷ್ಟಾಂಗ ನಮಸ್ಕಾರ, ಇಲ್ಲಿ ಎಲ್ಲರೂ ಕ್ಷೇಮ. ಕೊನೆಗೆ ಕಿರಿಯರಿಗೆಲ್ಲ ಆಶೀರ್ವಾದ. ನಡುವೆ ಉಳಿದ ಎಂಟು ಹತ್ತು ಸಾಲಲ್ಲೇ ಬದುಕು. ಹಸು ಕರು ಹಾಕಿತು. ಮಳೆ ಹಿಡಿದಿಲ್ಲ. ಮನಿಯಾರ್ಡರ್ ತಲುಪಿತು. ಹುಡುಗನ ಕಡೆಯವರು ಇನ್ನೂ ತಿಳಿಸಿಲ್ಲ. ಜಾಗ ಮುಗಿದಾಗ ಅಕ್ಷರ ಸಣ್ಣದಾಗ್ತಾ ಹೋಗಿ ಅಂಚಿನಲ್ಲಿ ಅಡ್ಡಡ್ಡ ಹತ್ತುತ್ತೆ. ನಿಜವಾಗಿ ಹೇಳಬೇಕಾದದ್ದು ಎಷ್ಟೋ ಸಲ ಅಲ್ಲೇ ಇರುತ್ತೆ.

ಉತ್ತರಕ್ಕೂ ಸೇರಿಸಿಯೇ ದುಡ್ಡು ಕೊಟ್ಟ ಜೋಡಿ ಕಾರ್ಡು, ಅದೇ ರಿಪ್ಲೈ ಕಾರ್ಡು, ಗೊತ್ತಲ್ಲ? ಅದರ ಎರಡನೇ ಅರ್ಧ ಹಾಗೇ ಖಾಲಿಯಾಗಿ ಅಂಟಿಕೊಂಡಿದ್ದರೆ ಆ ಕಾರ್ಡಿನಲ್ಲಿ ಉತ್ತರ ಹೋಗಲಿಲ್ಲ ಅಂತ ಅರ್ಥ. ಯಾಕೆ ಹೋಗಲಿಲ್ಲ ಅಂತ ಮನೆಯಲ್ಲಿ ಕೇಳಿ ನೋಡಿ.

ಒಂದು ಎಚ್ಚರಿಕೆ. ಸಾವಿನ ಸುದ್ದಿಯ ಕಾರ್ಡನ್ನ ಮನೆಯಲ್ಲಿ ಇಟ್ಕೊಳ್ತಿರಲಿಲ್ಲ. ಓದಿದ ತಕ್ಷಣ ಹರಿದು ಹಾಕ್ತಿದ್ದರು. ಮೂಲೆಗೆ ಅರಿಶಿನ ಹಚ್ಚಿದ ಮದುವೆ ಕಾಗದಗಳು ಉಳಿದವು. ಹಾಗಾಗಿ ಒಂದು ತಂತಿ ಕಾಗದ ಓದಿ 'ಆಗೆಲ್ಲ ಎಷ್ಟು ಸುಖವಾಗಿದ್ದರು' ಅಂತ ತೀರ್ಮಾನಕ್ಕೆ ಬರಬೇಡಿ. ದುಃಖವನ್ನ ಆರಿಸಿ ತೆಗೆದ ಮೇಲೆ ಉಳಿದ ಕಟ್ಟು ಅದು. ನಾಲ್ಕು ವರ್ಷ ತಿಂಗಳಿಗೊಂದು ಬಂದ ಒಬ್ಬರ ಕಾರ್ಡು ಇದ್ದಕ್ಕಿದ್ದಂತೆ ನಿಂತಿದ್ದರೆ, ಸುದ್ದಿ ಇರೋದು ಆ ಖಾಲಿ ಜಾಗದಲ್ಲಿ.

5/6
'ಹಾಗಾದ್ರೆ ಕ್ರಾಫ್ಟೇ ಮಾಡಬಾರದಾ?' ಮಾಡಿ. ಹಳೇದನ್ನ ಹೊಸದಾಗಿ ಬಳಸೋದು ನಮಗೆ ಹೊಸದೇನಲ್ಲ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಛಾಪಖಾನೆ ಶುರು ಮಾಡಿದ ಮೇಲೆ ಲಕ್ಷ್ಮಿ ಸರಸ್ವತಿಯರ ಅಚ್ಚು ಚಿತ್ರ ಮನೆಮನೆಗೂ ಬಂತು. ಮನೆಯ ಹೆಂಗಸರು ಆ ಲಕ್ಷ್ಮಿಗೆ ನಿಜವಾದ ಜರಿ ಬಟ್ಟೆ ಅಂಟಿಸಿದರು, ಮಿಂಚು ಬಿಲ್ಲೆ ಕೂರಿಸಿದರು, ಮಣಿ ಪೋಣಿಸಿದರು. ಆ ಅಲಂಕಾರದ ಪಟಗಳನ್ನ ಈಗ ಸಂಗ್ರಾಹಕರು ಹುಡುಕಿ ಕೊಳ್ತಾರೆ. ಅವತ್ತಿನ ಕ್ರಾಫ್ಟೇ ಇವತ್ತಿನ ಇತಿಹಾಸ.

ವ್ಯತ್ಯಾಸ ಇಷ್ಟೇ. ಆ ಲಕ್ಷ್ಮಿಯ ಅಚ್ಚು ಸಾವಿರಾರು ಇತ್ತು, ಬೆನ್ನು ಖಾಲಿ ಇತ್ತು. ನಿಮ್ಮ ಅಜ್ಜ ಬರೆದ ಕಾರ್ಡು ಪ್ರಪಂಚದಲ್ಲಿ ಒಂದೇ. ಹಾಗಾಗಿ ಬರೆಯದೇ ಉಳಿದ ಗ್ರೀಟಿಂಗ್ ಕಾರ್ಡು, ಸಿನಿಮಾ ನಟರ ಹೊಸವರ್ಷದ ಕಾರ್ಡು, ಪ್ರವಾಸಿ ತಾಣದಲ್ಲಿ ಕಟ್ಟುಗಟ್ಟಲೆ ಮಾರಿದ ಕಾರ್ಡು, ಇವನ್ನ ಧಾರಾಳವಾಗಿ ಕತ್ತರಿಸಿ. ಕೈಬರಹ ಇದ್ದದ್ದಕ್ಕೆ ಕತ್ತರಿ ತಾಗಿಸಬೇಡಿ. ಎರಡೂ ಕಡೆ ಸ್ಕ್ಯಾನ್ ಮಾಡಿ, ದಪ್ಪ ಹಾಳೆ ಮೇಲೆ ಪ್ರಿಂಟ್ ತೆಗೆಸಿ, ಟ್ರೇಗೂ ಲ್ಯಾಂಪಿಗೂ ಅದನ್ನೇ ಅಂಟಿಸಿ. ಕಾಫಿ ಚೆಲ್ಲಿದರೂ ಚಿಂತೆ ಇಲ್ಲ.

ಅಸಲನ್ನೇ ಗೋಡೆ ಮೇಲೆ ನೋಡಬೇಕು ಅನ್ನೋರಿಗೆ ಉತ್ತರ ಕರ್ನಾಟಕದ ಕೌದಿ ದಾರಿ ತೋರಿಸುತ್ತೆ. ಅಜ್ಜಿಯ ಹಳೇ ಸೀರೆ, ಅಜ್ಜನ ಧೋತರ, ಮಕ್ಕಳ ಅಂಗಿ ಎಲ್ಲ ಸೇರಿಸಿ ಹೊಲಿದದ್ದು. ಯಾವ ತುಂಡು ಯಾರದು ಅಂತ ಕೊನೆವರೆಗೂ ಗೊತ್ತಾಗುತ್ತೆ. ಹೊಲಿದದ್ದನ್ನ ಬಿಚ್ಚಬಹುದು, ಅಂಟಿಸಿದ್ದನ್ನ ಬಿಚ್ಚೋಕಾಗಲ್ಲ. ಹಳೇ ಸೀರೆಯ ಬಟ್ಟೆಯಲ್ಲಿ ಕೌದಿ ಹಾಗೇ ಒಂದು ಗೋಡೆ ಹಾಸು ಹೊಲಿಯಿರಿ, ಅದರಲ್ಲಿ ಕಾರ್ಡಿನ ಅಳತೆಯ ಜೇಬುಗಳನ್ನಿಡಿ. ಪ್ರತಿ ಕಾರ್ಡನ್ನ ಪಾಲಿಯೆಸ್ಟರ್ ಕವರಿನಲ್ಲಿ ಹಾಕಿ ಜೇಬಿಗೆ ಸೇರಿಸಿ. ಬೇಕಾದಾಗ ತೆಗೆದು ಬೆನ್ನು ಓದಬಹುದು. ಇಲ್ಲವೇ ಎರಡು ಗಾಜಿನ ನಡುವೆ ಇಡುವ ಫ್ರೇಮು, ಎರಡು ಕಡೆಯೂ ಕಾಣುತ್ತೆ. ಎರಡೂ ಬಿಸಿಲು ಬೀಳದ ಗೋಡೆಗೆ.

6/6
ಬೇಗ ಬೇಗ ಕೆಲವು ಮಾತು. ಸೆಲ್ಲೋಟೇಪು ಬೇಡವೇ ಬೇಡ, ಕೆಲವೇ ವರ್ಷಕ್ಕೆ ಹಳದಿಯಾಗಿ ಕಲೆ ಕಾಗದದೊಳಕ್ಕೆ ಇಳಿಯುತ್ತೆ. ಲ್ಯಾಮಿನೇಷನ್ ಅಂದ್ರೆ ಕಾಯಿಸಿದ ಪ್ಲಾಸ್ಟಿಕ್ಕಿಗೆ ಕಾರ್ಡನ್ನ ಕಾಯಂ ಅಂಟಿಸಿದ ಹಾಗೆ. ಆಲ್ಬಮ್ಮಿನಲ್ಲಿಡೋದಾದ್ರೆ ನಾಲ್ಕು ಮೂಲೆಗೆ ಫೋಟೋ ಕಾರ್ನರ್ ಸಾಕು. ಮೆತ್ತಗೆ ವಾಸನೆ ಬರುವ ಪಿವಿಸಿ ಕವರುಗಳು ಕಾಲ ಕಳೆದಂತೆ ಶಾಯಿಯನ್ನ ಹಿಡ್ಕೊಳ್ಳುತ್ತವೆ.

ಒದ್ದೆ ಬಟ್ಟೆಯಲ್ಲಿ ಒರೆಸೋಕೆ ಹೋಗ್ಬೇಡಿ. ಎಷ್ಟೋ ಕಾರ್ಡುಗಳನ್ನ ಕಾಪಿಯಿಂಗ್ ಪೆನ್ಸಿಲ್‌ನಲ್ಲಿ ಬರೆದಿರ್ತಾರೆ. ಒಣಗಿದ್ದಾಗ ಸೀಸದ ಕಡ್ಡಿಯ ಹಾಗೆ ಕಾಣುತ್ತೆ, ನೀರು ತಾಗಿದ ಕೂಡಲೇ ನೇರಳೆಯಾಗಿ ಹರಡಿ ಹೋಗುತ್ತೆ. ಮೆತ್ತನೆ ಬ್ರಷ್ಷಿನಿಂದ ಧೂಳು ಕೊಡವಿದರೆ ಸಾಕು. ಮಳೆಗಾಲದಲ್ಲಿ ಹೊರಗೋಡೆಗೆ ತಾಗಿದ ಬೀರುವಿನಲ್ಲಿ ಇಡಬೇಡಿ, ಬೂಷ್ಟೂ ಬೆಳ್ಳಿಹುಳವೂ ಒಟ್ಟಿಗೇ ಬರ್ತವೆ. ಅಕ್ಷರ ಓದೋಕೆ ಬರ್ತಿಲ್ಲ ಅಂತ ಎಸೀಬೇಡಿ, ಮೋಡಿ ಲಿಪಿ ಇರಬಹುದು, ಓದುವವರು ಈಗಲೂ ಇದ್ದಾರೆ.

ಇದೆಲ್ಲಕ್ಕಿಂತ ಅವಸರದ್ದು ಇನ್ನೊಂದಿದೆ. ಕಾರ್ಡು ಇನ್ನೂ 50 ವರ್ಷ ಬಾಳೀತು. ಆದರೆ ಅದರಲ್ಲಿರುವ 'ಚಿ. ಪುಟ್ಟಿ' ಯಾರು, 'ನಿನ್ನೆಯ ವಿಷಯ' ಅಂದ್ರೆ ಏನು, 'ಅವರು' ಅಂತ ಹೆಸರು ಹಿಡಿಯದೆ ಬರೆದದ್ದು ಯಾರನ್ನ, ಇದು ಗೊತ್ತಿರೋದು ಮನೆಯಲ್ಲಿ ಒಬ್ಬರಿಗೋ ಇಬ್ಬರಿಗೋ. ಅವರಿಗೆ ವಯಸ್ಸಾಗಿದೆ. ಈ ಭಾನುವಾರ ಕಟ್ಟು ಬಿಚ್ಚಿ ಅವರ ಮುಂದೆ ಕೂತ್ಕೊಳ್ಳಿ. ಕನ್ನಡಕ ಕೊಡಿ, ಅವರೇ ಓದಲಿ, ನಿಮ್ಮ ಫೋನಿನಲ್ಲಿ ದನಿ ರೆಕಾರ್ಡ್ ಆಗ್ತಿರಲಿ. ಯಾವ ಕಾರ್ಡು, ಯಾರಿಂದ ಯಾರಿಗೆ, ಏನು ಸಂಬಂಧ ಅಂತ ಒಂದು ಚೀಟಿಯಲ್ಲಿ ಪೆನ್ಸಿಲ್‌ನಿಂದ ಬರೆದು ಕವರಿನ ಜೊತೆ ಇಡಿ. ಕಾರ್ಡಿನ ಮೇಲೆ ಬರೀಬೇಡಿ. ಒಂದು ಕಾರ್ಡು ಓದುತ್ತಾ ಅವರು ಸುಮ್ಮನಾಗಿ ಪಕ್ಕಕ್ಕಿಟ್ಟರೆ ಅವತ್ತಿಗೆ ಅದನ್ನ ಕೇಳೋಕೆ ಹೋಗಬೇಡಿ.

#ಹಳೇಕಾರ್ಡು #ಕಾಗದದತಂತಿ #ಕೌದಿ #ಮನೆಯಇತಿಹಾಸ