ಹಲ್ಲಿನ ಕಲೆಗೆ ತಂಬಾಕೇ ಮದ್ದು ಅಂತಿದ್ದ ಕಾಲ

"ಗುಟ್ಕಾ ಬಿಟ್ಟು ಆರು ತಿಂಗಳಾಯ್ತು, ಕಲೆ ಮಾತ್ರ ಹೋಗ್ತಿಲ್ಲ. ಮನೇಲೇ ತೆಗೀಬಹುದಾ?" ಅಂತ ಕೇಳುಗರೊಬ್ಬರು ಮೆಸೇಜ್ ಹಾಕಿದ್ರು. ನಾನು ಬಿ.ಕಾಂ. ಓದಿದವಳು, ಡಾಕ್ಟರಲ್ಲ. ಆದ್ರೆ ಈ ಪ್ರಶ್ನೆ ಹಿಂದೆ ಹೋದಾಗ ವಿಚಿತ್ರ ಇತಿಹಾಸವೊಂದು ಸಿಕ್ತು.

ನಮ್ಮ ಹಿರಿಯರು ಕಲೆ ತೆಗೆಯೋಕೆ ಇದ್ದಿಲು, ಬೂದಿ, ಉಪ್ಪು, ಇಟ್ಟಿಗೆ ಪುಡಿ ಎಲ್ಲಾ ಬಳಸಿದ್ದಾರೆ. ಇಟ್ಟಿಗೆಯಲ್ಲಿರೋ ಮರಳು ಹಲ್ಲಿನ ಮೇಲಿನ ಗಟ್ಟಿ ಪದರ ಎನಾಮಲ್‌ಗಿಂತ ಗಟ್ಟಿ. ಕಲೆ ಜೊತೆ ಹಲ್ಲೂ ಸವೆಯುತ್ತೆ. ಎನಾಮಲ್ ಮತ್ತೆ ಬೆಳೆಯಲ್ಲ, ಅದರ ಕೆಳಗಿನ ಪದರದ ಬಣ್ಣವೇ ಹಳದಿ. ಅಂದ್ರೆ ಜಾಸ್ತಿ ಉಜ್ಜಿದಷ್ಟೂ ಹಲ್ಲು ಇನ್ನೂ ಹಳದಿ! ನಿಂಬೆರಸ ಹಚ್ಚೋದೂ ಅಷ್ಟೇ, ಹುಳಿಗೆ ಎನಾಮಲ್ ಕರಗುತ್ತೆ. ಅಡುಗೆ ಸೋಡಾ ಮೃದು, ಮೇಲ್ಮೇಲಿನ ಕಲೆ ನಿಧಾನವಾಗಿ ತಿಳಿಯಾಗಬಹುದು. ಗಟ್ಟಿ ಕಟ್ಟಿದ್ದಕ್ಕೆ ದಂತವೈದ್ಯರ ಹತ್ರ ಕ್ಲೀನಿಂಗೇ ದಾರಿ. ಹೋದಾಗ ಕೆನ್ನೆಯ ಒಳಭಾಗವನ್ನೂ ತೋರಿಸಿ. ಅಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಇದ್ರೆ, ಎರಡು ವಾರ ಕಳೆದ್ರೂ ಮಾಯದ ಹುಣ್ಣಿದ್ರೆ, ಕಲೆ ವಿಷಯ ಆಮೇಲೆ.

ಇನ್ನು ವಿಚಿತ್ರ ಅಂದೆನಲ್ಲ, ಅದು ಈ ಮನೆಮದ್ದುಗಳ ಸಾಲಲ್ಲಿ ತಂಬಾಕೂ ಕೂತಿತ್ತು ಅನ್ನೋದು.

ತಂಬಾಕು ಮೂಲತಃ ಅಮೆರಿಕದ್ದು, ಇಲ್ಲಿಗೆ ತಂದವರು ಪೋರ್ಚುಗೀಸರು. 1604ರ ಸುಮಾರಿಗೆ ಅಕ್ಬರನ ರಾಯಭಾರಿ ಅಸದ್ ಬೇಗ್ ಅದನ್ನ ಬಿಜಾಪುರದಲ್ಲಿ ನೋಡಿ, ಚೆಂದದ ಕೊಳವೆ ಸಮೇತ ಆಗ್ರಾಕ್ಕೆ ಒಯ್ದ. ಹೌದು, ನಮ್ಮ ವಿಜಯಪುರದಿಂದಲೇ! ಹಕೀಮರು ಬೇಡ ಅಂದ್ರೂ ಅಕ್ಬರ್ ಒಂದೆರಡು ದಮ್ ಎಳೆದ. 1617ರಲ್ಲಿ ಜಹಾಂಗೀರ್ ನಿಷೇಧಿಸಿದ. ಜನ ಬಿಡಲಿಲ್ಲ.

ಮುಂದೆ ಮಹಾರಾಷ್ಟ್ರದಲ್ಲಿ, ನಮ್ಮ ಬೆಳಗಾವಿ ಕಡೆಯೂ, ತಂಬಾಕನ್ನ ಕಪ್ಪಗೆ ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕೋ ರೂಢಿ ಬಂತು. ಅದೇ ಮಿಶ್ರಿ. ತಿಕ್ಕಿದವರಲ್ಲಿ ಹೆಂಗಸರೇ ಹೆಚ್ಚು. ಬೀಡಿ ಸೇದಿದ್ರೆ ಊರು ಆಡಿಕೊಳ್ಳುತ್ತೆ, ಹಲ್ಲುಜ್ಜಿದ್ರೆ ಯಾರು ಏನಂತಾರೆ? ತಿಕ್ಕಿದ್ರೆ ಹಲ್ಲುನೋವು ಕಮ್ಮಿ ಆದಂಗೆ ಅನಿಸ್ತಿತ್ತು. ಆಮೇಲೆ ಬೆಳಗ್ಗೆ ಒಂದ್ಸಲ ಸಾಲದೆ ದಿನಕ್ಕೆ ಮೂರ್ನಾಲ್ಕು ಸಲ ಬೇಕಾಗೋದು. ಕಾಮರ್ಸ್ ತಲೆಗೆ ಹೊಳೆಯೋದು ಇಷ್ಟು: ಕಲೆ ಮಾಡೋ ಮಾಲೇ ಕಲೆ ತೆಗೆಯೋ ಮಾಲು, ಗಿರಾಕಿ ಎಲ್ಲಿಗೂ ಹೋಗಲ್ಲ!

ಕಂಪನಿಗಳೂ ತಂಬಾಕು ಬೆರೆಸಿದ ಪೇಸ್ಟು, ಹಲ್ಲುಪುಡಿ ಮಾರಿದವು. 1992ರಲ್ಲಿ ಕೇಂದ್ರ ಸರ್ಕಾರ ಅದನ್ನ ನಿಷೇಧಿಸ್ತು, 1997ರಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನ ಎತ್ತಿಹಿಡೀತು. ಆದ್ರೆ ಕಾನೂನು ಹೋಗಿದ್ದು ಕಾರ್ಖಾನೆ ಬಾಗಿಲವರೆಗೆ. ಮಿಶ್ರಿಗೆ ಕಾರ್ಖಾನೆ ಬೇಕಿಲ್ಲ, ಅಂಗಡಿಯಿಂದ ತಂಬಾಕು ತಂದು ಮನೆ ಹೆಂಚಿನ ಮೇಲೇ ಹುರೀಬಹುದು.