ಪಹಣಿಯ ಕಾವಲು

ಊರಿನ ಭೂಮಿಯಲ್ಲಿ ಯಾವುದು ಯಾರದು, ಅದರ ಕಂದಾಯವೆಷ್ಟು, ಋಣಭಾರವೆಷ್ಟು ಎಂಬುದನ್ನು ಬರೆದಿಟ್ಟವನ ಮುಂದೆ ಆ ಭೂಮಿಯ ಒಡೆಯನೂ ಕೈಕಟ್ಟಿ ನಿಲ್ಲಬೇಕಾಗಿದ್ದ ಕಾಲವೊಂದು ನಮ್ಮ ನಾಡಿನಲ್ಲಿತ್ತು. ಹುಣಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿಯನ್ನು ಕಲಸಿ ಬಳಿದ ಕಪ್ಪು ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಬರೆದ ಕಡತವು ಶಾನುಭೋಗರ ಮನೆಯಲ್ಲಿಯೇ ಇರುತ್ತಿದ್ದು, ಹುದ್ದೆಯೊಡನೆ ಅದೂ ತಂದೆಯಿಂದ ಮಗನಿಗೆ ಸಲ್ಲುತ್ತಿತ್ತು. ಬರೆದುದನ್ನು ಒರೆಸಿ ಮತ್ತೆ ಬರೆಯಬಹುದೆಂಬುದು ಕಡತದ ಅನುಕೂಲ, ಅಪಾಯವೂ ಅದೇ.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆಯು 1963ರಲ್ಲಿ ಜಾರಿಗೆ ಬಂದು, ವಂಶಪಾರಂಪರ್ಯದ ಶಾನುಭೋಗಿಕೆ ಕೊನೆಗೊಂಡು, ಸಂಬಳದ ಗ್ರಾಮಲೆಕ್ಕಿಗರು ಬಂದರು. ಮನುಷ್ಯ ಬದಲಾದನೇ ಹೊರತು, ದಫ್ತರವು ಒಬ್ಬನ ವಶದಲ್ಲಿಯೇ ಇರುವ ಪದ್ಧತಿ ಬದಲಾಗಲಿಲ್ಲ.

ಅದು ಬದಲಾದುದು ಶತಮಾನದ ತಿರುವಿನಲ್ಲಿ, ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯಿಂದ. ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿ, ಅಚ್ಚಾದ ಪ್ರತಿಯನ್ನು ಮೂಲದೊಡನೆ ತಾಳೆನೋಡಿ ತಿದ್ದಿದುದು ಶ್ರಮದ ಕಾರ್ಯವೇ ಆದರೂ, ಅದಕ್ಕಿಂತ ಸೂಕ್ಷ್ಮವಾದ ಪ್ರಶ್ನೆಯೊಂದಿತ್ತು: ಈ ಭಂಡಾರದ ಬೀಗದ ಕೈ ಯಾರ ಬಳಿ ಇರಬೇಕು? ಅದಕ್ಕೆ ದೊರೆತ ಉತ್ತರ ಬೆರಳಿನ ಗುರುತು. ನಿಯುಕ್ತ ನೌಕರನು ಯಂತ್ರದ ಮೇಲೆ ಬೆರಳನ್ನಿಟ್ಟಲ್ಲದೆ ದಾಖಲೆ ತೆರೆಯದು. ಯಾರು ಯಾವ ಖಾತೆ ಬದಲಾವಣೆಗೆ ಒಪ್ಪಿಗೆಯಿತ್ತರೆಂಬುದು ಅಲ್ಲಿಯೇ ಉಳಿಯುವುದರಿಂದ ‘ನಾನಲ್ಲ’ ಎಂದು ಜಾರಿಕೊಳ್ಳುವ ದಾರಿ ಮುಚ್ಚಿತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲಿಯೇ ಸಾಗಬೇಕೆಂದು ವಿಧಿಸಿದುದರಿಂದ, ಹಿಂದೆ ಬಂದವನ ಕಾಗದವನ್ನು ಮುಂದಕ್ಕೆ ತಳ್ಳುವುದು ದುಸ್ತರವಾಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ರೈತನ ಕಡೆಗೆ ಮುಖಮಾಡಿದ ಇನ್ನೊಂದು ಪರದೆಯನ್ನಿರಿಸಿ, ಒಳಗೆ ನೌಕರನು ನೋಡುವುದನ್ನೇ ಹೊರಗೆ ನಿಂತವನೂ ನೋಡುವಂತೆ ಮಾಡಿದರು. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದುದು ಇದೇ. 15 ರೂಪಾಯಿ ತೆತ್ತವನಿಗೆ ಪಹಣಿ ಕೈಗೆ ಬರುತ್ತಿತ್ತು. ತಾಲ್ಲೂಕಿನಲ್ಲಿ ಯಂತ್ರದ ಪಹಣಿ ಆರಂಭವಾದೊಡನೆ ಕೈಬರಹದ ಪಹಣಿಯ ಸಿಂಧುತ್ವವನ್ನು ರದ್ದುಗೊಳಿಸಿದುದು ಕಠಿಣ ನಿರ್ಧಾರವಾದರೂ, ಎರಡು ದಾಖಲೆಗಳು ಏಕಕಾಲದಲ್ಲಿ ಸಿಂಧುವಾಗಿದ್ದರೆ ಹಳೆಯದೇ ಗೆಲ್ಲುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ.

ಊರಿನ ಜಗಲಿಯಲ್ಲಿದ್ದ ಅಧಿಕಾರವು ತಾಲ್ಲೂಕಿಗೆ ಸರಿದು ಬಡವನಿಗೆ ದೂರವಾಯಿತೆಂದೂ, ಎಲ್ಲರ ಹೊಲದ ವಿವರವು ಒಂದೆಡೆ ದೊರೆತುದು ಭೂವ್ಯಾಪಾರಿಗಳಿಗೇ ಹೆಚ್ಚು ಒದಗಿತೆಂದೂ ಆಕ್ಷೇಪಿಸಿದವರುಂಟು. ಆ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಬೆರಳಿನ ಗುರುತು ಬರೆಯುವವನನ್ನು ಕಾಯಿತು. ಓದುವವನ ಉದ್ದೇಶವನ್ನು ಕಾಯುವ ಉಪಾಯವನ್ನು ಆ ವ್ಯವಸ್ಥೆ ಯೋಚಿಸಿರಲಿಲ್ಲ.