ಸದಸ್ಯರ ಮನೆಯಲ್ಲಿ ಮಾರ್ಮನ್ ಮಿಷನರಿಗಳು

ಮಾರ್ಮನ್ ಮಿಷನರಿಗಳು ‘ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’ ಎಂಬ ಕ್ರೈಸ್ತ ಸಭೆಯ ಪರವಾಗಿ, ಸಂಬಳವಿಲ್ಲದೆ, ಮನೆ ಬಿಟ್ಟು ಧರ್ಮಪ್ರಚಾರಕ್ಕೆ ಹೋಗುವ ತರುಣ ತರುಣಿಯರು. ಯುವಕರ ಸೇವೆ ಎರಡು ವರ್ಷ, ಯುವತಿಯರದು 18 ತಿಂಗಳು. ಮಾರ್ಮನ್ ಎಂಬುದು ರೂಢಿಯ ಹೆಸರು. 2018ರಿಂದ ಸಭೆ ತನ್ನ ಪೂರ್ಣ ಹೆಸರನ್ನೇ ಬಳಸಬೇಕೆಂದು ಕೇಳಿಕೊಳ್ಳುತ್ತಿದೆ. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಸ್ಥಾಪಿಸಿದ ಈ ಸಭೆಯ ಕೇಂದ್ರ ಈಗ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿದೆ. ಜಗತ್ತನ್ನು ಅದು ‘ಮಿಷನ್’ಗಳೆಂಬ ಪ್ರದೇಶಗಳಾಗಿ ವಿಂಗಡಿಸಿಕೊಂಡಿದೆ, ಬೆಂಗಳೂರು 1993ರಿಂದ ಅಂಥ ಒಂದು ಮಿಷನ್‌ನ ಕೇಂದ್ರ.

ಹತ್ತೊಂಬತ್ತನೆಯ ಶತಮಾನದ ಮಿಷನರಿಗಳಲ್ಲಿ ಹೆಚ್ಚಿನವರು ಹೆಂಡತಿ ಮಕ್ಕಳಿದ್ದ ಗೃಹಸ್ಥರು. ಹಣವಿಲ್ಲದೆ ಹೊರಟು, ಯಾರು ಊಟ ಹಾಕಿದರೆ ಅಲ್ಲಿ ಉಂಡು, ಯಾರು ಜಾಗ ಕೊಟ್ಟರೆ ಅಲ್ಲಿ ಮಲಗುತ್ತಿದ್ದರು. ಇಂದು ಸಾಮಾನ್ಯವಾಗಿ ಮಿಷನ್ ಕಚೇರಿಯೇ ಬಾಡಿಗೆ ಮನೆ ಹಿಡಿದುಕೊಡುತ್ತದೆ. ಆದರೂ ಅಮೆರಿಕದಲ್ಲಿ, ಅದರಲ್ಲೂ ಸದಸ್ಯರು ಒತ್ತಾಗಿರುವ ಯೂಟಾದಲ್ಲಿ, ಸದಸ್ಯರ ಮನೆಯ ನೆಲಮಾಳಿಗೆಯಲ್ಲೋ ಮಕ್ಕಳು ಓದಲು ಹೋಗಿ ಖಾಲಿಯಾದ ಕೋಣೆಯಲ್ಲೋ ಮಿಷನರಿಗಳನ್ನು ಇರಿಸುವ ಪದ್ಧತಿ ಬಳಕೆಯಲ್ಲಿದೆ. ಬಾಡಿಗೆಯ ಉಳಿತಾಯ ಇದರ ಮುಖ್ಯ ಕಾರಣ. ಮನೆ ಕೊಡುವವರ ಪಾಲಿಗೆ ಇದು ಸಭೆಗೆ ಸಲ್ಲಿಸುವ ಸೇವೆಯೇ.

ಮಿಷನರಿ ಎಂದೂ ಒಂಟಿಯಲ್ಲ. ಜೊತೆಗಾರನ ಕಣ್ಣಳತೆಯಲ್ಲಿ, ಕೂಗಳತೆಯಲ್ಲಿ ಇರಬೇಕು. ಇಬ್ಬರೂ ಒಂದೇ ಕೋಣೆಯಲ್ಲಿ, ಬೇರೆ ಬೇರೆ ಮಂಚಗಳ ಮೇಲೆ ಮಲಗಬೇಕು. ಜೋಡಿಯನ್ನು ಆರಿಸುವವರು ಮಿಷನ್ ಅಧ್ಯಕ್ಷರು. ಯುವಕರನ್ನು ‘ಎಲ್ಡರ್’ ಎಂದೂ ಯುವತಿಯರನ್ನು ‘ಸಿಸ್ಟರ್’ ಎಂದೂ ಕುಲನಾಮ ಸೇರಿಸಿ ಕರೆಯುತ್ತಾರೆ. ಹತ್ತೊಂಬತ್ತರ ಹುಡುಗನನ್ನು ಐವತ್ತು ದಾಟಿದ ಮನೆಯೊಡೆಯನೂ ಎಲ್ಡರ್ ಎಂದೇ ಮಾತನಾಡಿಸುತ್ತಾನೆ. ಹುಡುಗನೂ ಮನೆಯವರನ್ನು ಬ್ರದರ್, ಸಿಸ್ಟರ್ ಎನ್ನುತ್ತಾನೆ. ಒಂದೇ ಸೂರಿನಡಿ ಇದ್ದೂ ಸಲಿಗೆ ಮಿತಿ ಮೀರದಂತೆ ಈ ಸಂಬೋಧನೆ ಕಾಯುತ್ತದೆ.

ದಿನ ಶುರುವಾಗುವುದು ಸಾಮಾನ್ಯವಾಗಿ ಬೆಳಿಗ್ಗೆ 6.30ಕ್ಕೆ. ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ. ಬಳಿಕ ಬೈಬಲ್, ಸಭೆಯದೇ ಧರ್ಮಗ್ರಂಥವಾದ ಬುಕ್ ಆಫ್ ಮಾರ್ಮನ್ ಮತ್ತು 2004ರಲ್ಲಿ ಬಂದ ಬೋಧನಾ ಕೈಪಿಡಿ ‘ಪ್ರೀಚ್ ಮೈ ಗಾಸ್ಪೆಲ್’ ಇವುಗಳ ಅಧ್ಯಯನ, ಮೊದಲು ಒಬ್ಬೊಬ್ಬರೇ, ಆಮೇಲೆ ಜೋಡಿಯಾಗಿ. ಹತ್ತು ಗಂಟೆಯ ಹೊತ್ತಿಗೆ ಎದೆಯ ಮೇಲೆ ಕಪ್ಪು ಹೆಸರುಬಿಲ್ಲೆ ಸಿಕ್ಕಿಸಿಕೊಂಡು ನಡೆದೋ ಸೈಕಲ್ಲಿನಲ್ಲೋ ಕಾರಿನಲ್ಲೋ ಹೊರಡುತ್ತಾರೆ. ರಾತ್ರಿ ಒಂಬತ್ತರ ಸುಮಾರಿಗೆ ಮರಳಿ, 10.30ಕ್ಕೆ ದೀಪ ಆರಿಸುತ್ತಾರೆ. 2017ರಲ್ಲಿ ಈ ವೇಳಾಪಟ್ಟಿಯನ್ನು ಸ್ವಲ್ಪ ಸಡಿಲಿಸಿ, ಸ್ಥಳೀಯ ಪರಿಸ್ಥಿತಿಗೆ ಹೊಂದಿಸಿಕೊಳ್ಳಲು ಅವಕಾಶ ಕೊಡಲಾಯಿತು. ದಿನವಿಡೀ ಹೊರಗಿರುವ ಕಾರಣ ಮನೆಯವರಿಗೆ ಈ ಬಾಡಿಗೆಯಿಲ್ಲದ ಅತಿಥಿಗಳು ಕಾಣಸಿಗುವುದು ಬೆಳಗಿನ ಅಡುಗೆಮನೆಯಲ್ಲಿ ಮತ್ತು ರಾತ್ರಿ ಬಾಗಿಲು ತೆರೆಯುವಾಗ ಮಾತ್ರ.

ಊಟದ ವ್ಯವಸ್ಥೆ ಕನ್ನಡ ಓದುಗರಿಗೆ ವಾರಾನ್ನವನ್ನು ನೆನಪಿಸುತ್ತದೆ. ತಿಂಡಿ, ಮಧ್ಯಾಹ್ನದ ಊಟ ಮಿಷನರಿಗಳೇ ಮಾಡಿಕೊಳ್ಳುತ್ತಾರೆ. ರಾತ್ರಿಯೂಟಕ್ಕೆ ‘ವಾರ್ಡ್’ ಎಂಬ ಸ್ಥಳೀಯ ಸಭೆಯ ಕುಟುಂಬಗಳು ಪಟ್ಟಿಯಲ್ಲಿ ಹೆಸರು ಬರೆದು ಸರದಿಯಂತೆ ಕರೆಯುತ್ತವೆ. ಇಳಿಸಿಕೊಂಡ ಮನೆಯವರೇ ದಿನವೂ ಉಣಬಡಿಸಬೇಕೆಂದಿಲ್ಲ. ಊಟದ ನಂತರ ಶಾಸ್ತ್ರದ ಒಂದು ಮಾತು ಹೇಳಿ, ಪ್ರಾರ್ಥನೆ ಮಾಡಿ, ಹೆಚ್ಚು ಹೊತ್ತು ಕೂರದೆ ಏಳುವುದು ವಾಡಿಕೆ. ಕಾಫಿ, ಚಹಾ, ಮದ್ಯ, ತಂಬಾಕು ಈ ಸಭೆಯ ಎಲ್ಲ ಸದಸ್ಯರಿಗೂ ನಿಷಿದ್ಧ. ತಿಂಗಳ ಮೊದಲ ಭಾನುವಾರ ಉಪವಾಸ.

ಮನೆಯ ಆಯ್ಕೆಗೂ ಕಟ್ಟುನಿಟ್ಟುಂಟು. ಯುವಕ ಮಿಷನರಿಗಳನ್ನು ಅವಿವಾಹಿತ ಹೆಣ್ಣುಮಕ್ಕಳಿರುವ ಮನೆಯಲ್ಲಿ ಇರಿಸುವುದಿಲ್ಲ. ಯುವತಿಯರ ವಿಷಯದಲ್ಲೂ ಅದೇ ಎಚ್ಚರ. ಮನೆಯವರ ಟಿವಿ, ಸಿನಿಮಾಗಳಿಂದ ಮಿಷನರಿಗಳು ದೂರವಿರಬೇಕು. ನಾಲ್ಕು ಜನರಿರುವ ಮನೆಯಲ್ಲಿ ಇದನ್ನು ಪಾಲಿಸಲು ಇಬ್ಬರು ಹುಡುಗರ ಶಿಸ್ತು ಸಾಲದು, ಮನೆಯವರ ಸಹಕಾರವೂ ಬೇಕು.

ವಾರಕ್ಕೊಂದು ದಿನ, ಹೆಚ್ಚಾಗಿ ಸೋಮವಾರ, ‘ಪಿ-ಡೇ’ ಎಂಬ ಬಿಡುವು. ಬಟ್ಟೆ ಒಗೆಯುವುದು, ದಿನಸಿ ತರುವುದು, ಕ್ಷೌರ, ಮನೆಗೆ ಪತ್ರ ಬರೆಯುವುದು ಎಲ್ಲವೂ ಅಂದು ಸಂಜೆ ಆರರೊಳಗೆ ಮುಗಿಯಬೇಕು. ಹಿಂದೆ ತಂದೆ ತಾಯಿಯೊಡನೆ ಫೋನಿನಲ್ಲಿ ಮಾತನಾಡಲು ಕ್ರಿಸ್‌ಮಸ್ ಮತ್ತು ತಾಯಂದಿರ ದಿನ ಮಾತ್ರ ಅವಕಾಶವಿತ್ತು. ಆಗ ಮನೆಯ ಹಂಬಲ ಹತ್ತಿದ ಹುಡುಗರಿಗೆ ಇಳಿದುಕೊಂಡ ಮನೆಯ ಹಿರಿಯರೇ ಆಸರೆ. 2019ರ ಫೆಬ್ರುವರಿಯಿಂದ ಪ್ರತಿ ವಾರ ಕರೆ ಮಾಡಬಹುದು. ಈ ಬದಲಾವಣೆ ಬಹಳ ಹಿಂದೆಯೇ ಆಗಬೇಕಿತ್ತು.

ಖರ್ಚು ಮಿಷನರಿ ಅಥವಾ ಅವರ ಕುಟುಂಬದ್ದು. ಮೊದಲು ದುಬಾರಿ ಊರಿಗೆ ಹೋದವರು ಹೆಚ್ಚು, ಅಗ್ಗದ ಊರಿಗೆ ಹೋದವರು ಕಡಿಮೆ ಭರಿಸುತ್ತಿದ್ದರು. 1991ರಿಂದ ಅಮೆರಿಕದ ಮಿಷನರಿಗಳೆಲ್ಲರಿಗೂ ಒಂದೇ ಮಾಸಿಕ ಮೊತ್ತ ನಿಗದಿಯಾಯಿತು. 2020ರಲ್ಲಿ ಅದನ್ನು 400ರಿಂದ 500 ಡಾಲರಿಗೆ ಏರಿಸಲಾಯಿತು.

ಸಾಮಾನ್ಯವಾಗಿ ಆರು ವಾರಕ್ಕೊಮ್ಮೆ ವರ್ಗಾವಣೆಯ ಪಟ್ಟಿ ಬರುತ್ತದೆ. ಜೋಡಿಯಲ್ಲಿ ಒಬ್ಬ ಹೋಗಿ ಇನ್ನೊಬ್ಬ ಬರಬಹುದು, ಇಬ್ಬರೂ ಬದಲಾಗಬಹುದು. ಕೋಣೆ ಮಾತ್ರ ಮುಂದಿನವರಿಗೆ ಸಿದ್ಧವಿರಬೇಕು. ಅವಧಿ ಮುಗಿಸಿ ಊರಿಗೆ ಮರಳಿದವರಿಗೂ ಅಲ್ಲಿನ ‘ಸ್ಟೇಕ್’ ಎಂಬ ವಾರ್ಡ್‌ಗಳ ಗುಂಪಿನ ಅಧ್ಯಕ್ಷರು ವಿಧ್ಯುಕ್ತವಾಗಿ ಬಿಡುಗಡೆ ಮಾಡುವವರೆಗೆ ಮಿಷನರಿಯ ನಿಯಮಗಳೇ ಅನ್ವಯಿಸುತ್ತವೆ.